ಕಡಲ ತೀರದಲ್ಲಿ ಇಬ್ಬರನ್ನ ಸುಮ್ನೆ ಕೂರೋಕೆ ಬಿಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಪ್ರವಾಸದ ಪುಟದಲ್ಲಿ ಕಡಲ ತೀರದ ರೆಸಾರ್ಟ್‌ಗಳ ಬಗ್ಗೆ ಬರೋ ಲೇಖನ ಒಂದನ್ನೂ ನಾನು ಬಿಡಲ್ಲ, ಆದ್ರೆ ಓದಿ ಮುಗ್ಸೋ ಹೊತ್ತಿಗೆ ಕೂತಲ್ಲೇ ಸುಸ್ತಾಗಿರತ್ತೆ. ಬೆಳಗ್ಗೆ ಎದ್ದು ಸೆಲ್ಫಿ, ಆಮೇಲೆ ಜೆಟ್ ಸ್ಕೀ, ಅದಾದ್ಮೇಲೆ ಬನಾನಾ ಬೋಟು, ಪ್ಯಾರಾಸೇಲಿಂಗು, ಮಧ್ಯಾಹ್ನ ಪೂಲ್ ಹತ್ರ ಡಿಜೆ, ಸಂಜೆ ಕಪಲ್ ಗೇಮ್ಸು, ರಾತ್ರಿ ಕ್ಯಾಂಪ್‌ಫೈರು... ಇದಕ್ಕೆ ರಿಲ್ಯಾಕ್ಸ್ ಅಂತ ಹೆಸ್ರು. ಆಫೀಸಲ್ಲೂ ಇಷ್ಟು ಮೀಟಿಂಗ್ ಇರಲ್ಲ. ಗಂಡ ಹೆಂಡ್ತಿ ಇಬ್ರೇ ಹೇಗೋ ಒಂದಿನ ಬಿಡುವು ಮಾಡ್ಕೊಂಡು ಸಮುದ್ರದ ಹತ್ರ ಹೋಗೋದೇ ಪುರುಸೊತ್ತಾಗಿ ಇರೋಣ ಅಂತ, ಅಲ್ಲೂ ಆ ಪುರುಸೊತ್ತನ್ನೇ ಕಿತ್ಕೊಂಡು ಕೈಗೊಂದು ಟೈಮ್‌ಟೇಬಲ್ ಕೊಟ್ರೆ ಹೋಗಿ ಏನ್ ಬಂತು? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿ ಹಾಕೋದಿದ್ರೆ ಎಲ್ಲಿ ಬೇಕಾದ್ರೂ ಹಾಕಿ, ಕೊನೇಲಿರೋ ಬೇಡಿಕೆ ಒಂದು ಮಾತ್ರ ಉಳ್ಸಿ.

ಮೊನ್ನೆ ನಾನೂ ನಮ್ಮ ಮನೆಯವ್ರೂ ಇಂಥದ್ದೇ ಒಂದು ರೆಸಾರ್ಟ್‌ಗೆ ಡೇ ಔಟ್ ಹೋಗಿದ್ವಿ. ಹೆಸ್ರು ಬೇಡ ಬಿಡಿ, ಜಾಗ ಚೆನ್ನಾಗಿತ್ತು, ಕೆಲ್ಸದವ್ರೂ ಒಳ್ಳೆಯವ್ರು. ಆದ್ರೆ ಕೈಗೆ ಪಟ್ಟಿ ಕಟ್ತಿದ್ದ ಹಾಗೇ ಒಂದು ಕಾರ್ಡ್ ಕೊಟ್ರು, ಗಂಟೆಗೊಂದು ಆಕ್ಟಿವಿಟಿ ಪ್ರಿಂಟ್ ಮಾಡಿರೋದು. ನೆರಳಲ್ಲಿ ಕುರ್ಚಿ ಹಿಡ್ದು ಕೂತು ಇನ್ನೂ ಚಪ್ಪಲಿ ಬಿಟ್ಟಿರ್ಲಿಲ್ಲ, ಮೈಕ್ ಹಿಡ್ಕೊಂಡ ಹುಡ್ಗ ಒಬ್ಬ ಬಂದು 'ಸಾರ್ ಮೇಡಂ ಯಾಕಿಷ್ಟು ಡಲ್ಲಾಗಿ ಕೂತಿದೀರಾ, ಬನ್ನಿ ಬನ್ನಿ, ಬಲೂನ್ ಗೇಮ್ ಇದೆ' ಅಂತ ಎಲ್ರಿಗೂ ಕೇಳೋ ಹಾಗೆ ಕರೆದ. ನಾವೇನು ಡಲ್ಲಾಗಿರ್ಲಿಲ್ಲ ಮಾರಾಯ, ಬಹಳ ದಿನ ಆದ್ಮೇಲೆ ಇಬ್ರೂ ಫೋನ್ ಒಳಗಿಟ್ಟು ಒಂದೇ ಕಡೆ ನೋಡ್ತಾ ಕೂತಿದ್ವಿ ಅಷ್ಟೆ. ಇಲ್ಲ ಅಂದ್ರೂ ಬಿಡಲ್ಲ, ಅರ್ಧ ಗಂಟೆಗೊಂದ್ಸಲ ಮತ್ತೆ ಬರ್ತಾನೆ. ಅದಕ್ಕಿಂತ ಬೇಜಾರು ಅಂದ್ರೆ ಸ್ಪೀಕರ್‌ಗಳನ್ನ ಸಮುದ್ರದ ಕಡೆ ಮುಖ ಮಾಡಿ ಇಟ್ಟಿದ್ರು. ಅಲೆ ಕಣ್ಣಿಗೆ ಕಾಣತ್ತೆ, ಕಿವಿಗೆ ಕೇಳಲ್ಲ, ಮ್ಯೂಟ್ ಮಾಡಿದ ಟೀವಿ ನೋಡ್ದಂಗೆ. ಅಷ್ಟು ದೂರ ಹೋಗಿದ್ದೇ ಆ ಸದ್ದಿಗಲ್ವಾ.

ಆ ಹುಡ್ಗನ್ನ ಬೈದೂ ಪ್ರಯೋಜನ ಇಲ್ಲ, ಅವ್ನ ಕೆಲಸಕ್ಕೆ ಹಳೇ ಇತಿಹಾಸ ಇದೆ. ಇಂಗ್ಲೆಂಡಿನ ಸ್ಕೆಗ್ನೆಸ್ ಅನ್ನೋ ಕಡಲೂರಲ್ಲಿ ಬಿಲ್ಲಿ ಬಟ್ಲಿನ್ ಅನ್ನೋನು 1936ರಲ್ಲಿ ಹಾಲಿಡೇ ಕ್ಯಾಂಪ್ ತೆರೆದಾಗ ಬಂದ ಜನ ಏನ್ ಮಾಡ್ಬೇಕು ಅಂತ ಗೊತ್ತಾಗ್ದೆ ಪೆಚ್ಚಾಗಿ ಕೂತಿದ್ರಂತೆ, ಅದನ್ನ ನೋಡಿ ಅವ್ನು ತನ್ನ ಕೈಕೆಳಗಿನ ಮಾತುಗಾರ ಒಬ್ಬನಿಗೆ ಹೋಗಿ ಇವರನ್ನ ನಗ್ಸು ಅಂತ ಹೇಳ್ದ, ಕೆಂಪು ಕೋಟು ಹಾಕ್ಕೊಂಡು ಅತಿಥಿಗಳನ್ನ ರಂಜಿಸೋ ರೆಡ್‌ಕೋಟ್ ಪಡೆ ಹುಟ್ಟಿದ್ದು ಹಾಗೆ. ಆಮೇಲೆ 1950ರಲ್ಲಿ ಮಯೋರ್ಕಾ ದ್ವೀಪದಲ್ಲಿ ಟೆಂಟ್ ಹಾಕ್ಕೊಂಡು ಶುರುವಾದ ಕ್ಲಬ್ ಮೆಡ್ ಅನ್ನೋ ರೆಸಾರ್ಟ್ ಕಂಪನೀಲೂ ಅತಿಥಿಗಳ ಜೊತೆ ಆಡೋಕೆ ಕುಣಿಯೋಕೆ ಅಂತಾನೇ ಸಿಬ್ಬಂದಿ. ಈಗ ಜಗತ್ತಿನಲ್ಲಿ ಎಲ್ಲಿ ಹೋದ್ರೂ ಅದೇ ಮೈಕು. ವರ್ಷಕ್ಕೊಂದು ವಾರ ರಜೆ ಸಿಗೋ ಕುಟುಂಬ, ಕೈಕಾಲಿಗೆ ಸಿಗೋ ಮಕ್ಳು, ಮೇಲಿಂದ ಇಂಗ್ಲೆಂಡಿನ ಮಳೆ ಚಳಿ, ಅಂಥಾ ಕಡೆ ಇದು ಬೇಕಾಗಿತ್ತು, ಒಪ್ತೀನಿ. ಮಕ್ಳಿರೋರಿಗೆ ಈಗ್ಲೂ ಬೇಕು. ಆದ್ರೆ ಇಬ್ರೇ ಬಂದೋರ ಕುರ್ಚಿ ಹತ್ರ ಯಾಕಪ್ಪಾ?

ಅದಕ್ಕಿಂತ ಹಿಂದಕ್ಕೆ ಹೋದ್ರೆ ಇನ್ನೂ ಮಜಾ ಇದೆ. ಕಡಲ ತೀರಕ್ಕೆ ಹೋಗೋದು ಮೊದ್ಲು ಖುಷಿಗಲ್ಲ, ಔಷಧಿಗೆ. 1750ರಲ್ಲಿ ರಿಚರ್ಡ್ ರಸೆಲ್ ಅನ್ನೋ ಇಂಗ್ಲಿಷ್ ಡಾಕ್ಟ್ರು ಸಮುದ್ರದ ನೀರಲ್ಲಿ ಮುಳುಗಿದ್ರೆ ಮಾತ್ರ ಅಲ್ಲ ಕುಡಿದ್ರೂ ಗ್ರಂಥಿಗಳ ರೋಗ ವಾಸಿ ಆಗತ್ತೆ ಅಂತ ಲ್ಯಾಟಿನ್‌ನಲ್ಲಿ ಬರೆದ್ರು, ದುಡ್ಡಿದ್ದವ್ರೆಲ್ಲಾ ಬ್ರೈಟನ್ ಅನ್ನೋ ಕಡಲೂರಿನ ಕಡೆ ಓಡಿದ್ರು. (ದಯವಿಟ್ಟು ಯಾರೂ ಕುಡಿಯೋಕೆ ಹೋಗ್ಬೇಡಿ, ಲೀಟರ್‌ಗೆ 35 ಗ್ರಾಂ ಹತ್ರ ಉಪ್ಪಿರತ್ತೆ.) ಸ್ನಾನಕ್ಕೆ ಚಕ್ರದ ಮೇಲೊಂದು ಮರದ ಗೂಡು, ಒಳಗೆ ಕೂತು ಬಟ್ಟೆ ಬದಲಾಯಿಸ್ಬೇಕು, ಕುದುರೆ ಅದನ್ನ ನೀರಿನ ತನಕ ಎಳ್ಕೊಂಡು ಹೋಗತ್ತೆ, ಆ ಕಡೆ ಬಾಗಿಲಿಂದ ಇಳೀಬೇಕು. ಬಹಳ ಊರುಗಳಲ್ಲಿ ಗಂಡಸ್ರಿಗೊಂದು ಕಡೆ ಹೆಂಗಸ್ರಿಗೊಂದು ಕಡೆ, ಗಂಡ ಹೆಂಡ್ತಿ ಆದ್ರೂ ಜೊತೇಲಿ ನೀರಿಗಿಳಿಯೋ ಹಾಗಿಲ್ಲ. ಬ್ರಿಟನ್ನಿನಲ್ಲಿ ಈ ಕಟ್ಟುಪಾಡು ಸಡಿಲ ಆಗಿದ್ದು 20ನೇ ಶತಮಾನ ಶುರುವಾಗೋ ಹೊತ್ತಿಗೆ. ಅಂದ್ರೆ ಇಬ್ರೂ ಒಟ್ಟಿಗೆ ಮೊಣಕಾಲಷ್ಟು ನೀರಲ್ಲಿ ನಿಂತ್ಕೊಳ್ಳೋದು ತೀರಾ ಇತ್ತೀಚೆಗೆ ಸಿಕ್ಕಿರೋ ಭಾಗ್ಯ, ಅಷ್ಟರಲ್ಲೇ ಅದಕ್ಕೂ ಬಲೂನ್ ಕಟ್ತಿದೀವಿ.

ನನ್ನ ಮೆಚ್ಚಿನ ಕಥೆ ಜರ್ಮನೀದು. 1882ರಲ್ಲಿ ರೋಸ್ಟಾಕ್ ಊರಿನ ಬುಟ್ಟಿ ಹೆಣೆಯೋ ವಿಲ್ಹೆಲ್ಮ್ ಬಾರ್ಟೆಲ್ಮನ್ ಹತ್ರ ಸಂಧಿವಾತ ಇದ್ದ ಒಬ್ಬ ಹೆಂಗಸು ಬಂದು, ನಂಗೆ ಸಮುದ್ರದ ಹತ್ರ ಕೂತ್ಕೊಳ್ಬೇಕು ಆದ್ರೆ ಗಾಳಿ ಬಿಸ್ಲು ತಾಗ್ಬಾರ್ದು, ಅಂಥಾ ಕುರ್ಚಿ ಮಾಡ್ಕೊಡು ಅಂದ್ಲಂತೆ. ಅವ್ನು ಮೂರೂ ಕಡೆ ಮುಚ್ಚಿ ತಲೆ ಮೇಲೆ ಮಾಡು ಇರೋ ಹಾಗೆ ಬೆತ್ತದ ಕುರ್ಚಿ ಹೆಣೆದ, ಸ್ವಲ್ಪ ದಿನದಲ್ಲೇ ಇಬ್ರು ಕೂರೋ ಹಾಗೂ ಮಾಡ್ದ, ಅವ್ನ ಹೆಂಡ್ತಿ ಅದನ್ನ ಬಾಡಿಗೆಗೆ ಕೊಡೋಕೆ ಶುರು ಮಾಡಿದ್ಲು. ಉತ್ತರ ಜರ್ಮನಿಯ ಕಡಲ ತೀರದಲ್ಲಿ ಈಗ್ಲೂ ಸಾಲಾಗಿ ಅದೇ ಕುರ್ಚಿ. ಇಬ್ರಿಗೆ ಕೂರೋ ಜಾಗ, ಗಾಳಿಗೆ ಮರೆ, ಎದುರಿಗೆ ನೀರು, ಮೈಕ್ ಇಲ್ಲ. ವ್ಯಾಪಾರಾನೂ ಆಯ್ತು ನೋಡಿ. ಸುಮ್ನೆ ಕೂರೋದನ್ನ ಮಾರಿದ್ರೆ ಲಾಸ್ ಆಗತ್ತೆ ಅಂತ ಯಾರು ಹೇಳಿದ್ರು?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕಾರ್ಯಕ್ರಮಾನೇ ಇಲ್ದೆ ಇಡೀ ದಿನ ಕಳೆಯೋದು ಹೇಗೆ, ಬೋರಾಗಲ್ವಾ ಅಂತ ಕೇಳೋರಿದಾರೆ. ಸಮುದ್ರಕ್ಕೆ ಅದರದ್ದೇ ಟೈಮ್‌ಟೇಬಲ್ ಇದೆ ಸ್ವಾಮೀ, ಅದನ್ನ ನೋಡ್ಕೊಂಡು ದಿನ ಕಳೆದ್ರೆ ಬೇರೆ ಯಾವ ಕಾರ್ಡೂ ಬೇಡ. ಭರತ ಅಂದ್ರೆ ನೀರು ಏರಿ ಪೂರ್ತಿ ತುಂಬೋ ಹೊತ್ತು, ಹೆಚ್ಚಿನ ಕಡೆ ಒಂದು ಭರತಕ್ಕೂ ಇನ್ನೊಂದು ಭರತಕ್ಕೂ ಮಧ್ಯ 12 ಗಂಟೆ 25 ನಿಮಿಷ. ಬೆಳಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ರೆ ಮಧ್ಯಾಹ್ನ 1 ದಾಟಿದ ಮೇಲೆ ತುಂಬಿರತ್ತೆ, ಸಂಜೆ ಏಳೂವರೆ ಹತ್ರ ಮತ್ತೆ ಇಳಿದಿರತ್ತೆ. ಮಾರನೇ ದಿನ ಇದೆಲ್ಲಾ 50 ನಿಮಿಷ ತಡ, ಯಾಕಂದ್ರೆ ಭೂಮಿ ಒಂದು ಸುತ್ತು ಹಾಕೋಷ್ಟರಲ್ಲಿ ಚಂದ್ರ ಸ್ವಲ್ಪ ಮುಂದಕ್ಕೆ ಹೋಗಿರ್ತಾನೆ, ಅವನನ್ನ ಹಿಡಿಯೋಕೆ ಭೂಮಿ ಇನ್ನಷ್ಟು ತಿರುಗ್ಬೇಕು. ಅಮಾವಾಸ್ಯೆ ಹುಣ್ಣಿಮೆ ಹತ್ರ ಸೂರ್ಯ ಚಂದ್ರ ಒಂದೇ ಸಾಲಲ್ಲಿ ಎಳೆಯೋದ್ರಿಂದ ನೀರು ಬಹಳ ಮೇಲೆ ಬಂದು ಬಹಳ ಕೆಳಗೆ ಹೋಗತ್ತೆ, ಅಷ್ಟಮಿ ಹತ್ರ ಎರಡೂ ಅಡ್ಡಡ್ಡ ಎಳೆಯೋದ್ರಿಂದ ಏರಿಳಿತ ಕಮ್ಮಿ. ಜಾಗದಿಂದ ಜಾಗಕ್ಕೂ ಭಾರೀ ವ್ಯತ್ಯಾಸ, ಕೆನಡಾದ ಫಂಡಿ ಕೊಲ್ಲೀಲಿ 16 ಮೀಟರ್ ತನಕ ಏರತ್ತೆ, ಮೆಡಿಟರೇನಿಯನ್ ಸಮುದ್ರದ ಬಹಳ ಕಡೆ ಏರಿದ್ದೇ ಗೊತ್ತಾಗಲ್ಲ. ಇನ್ನೊಂದು, ನೀರು ಒಂದೇ ಸಮ ಏರಲ್ಲ. ಆರು ಗಂಟೇಲಿ ಮಧ್ಯದ ಎರಡು ಗಂಟೇಲೇ ಹತ್ರತ್ರ ಅರ್ಧ ಏರಿಬಿಡತ್ತೆ. ಚಾಪೆ ಹಾಸಿ ನಿದ್ದೆ ಹೊಡೆಯೋರು ಇದನ್ನ ತಿಳ್ಕೊಂಡಿದ್ರೆ ಒಳ್ಳೇದು, ನಮ್ಮ ಪಕ್ಕದಲ್ಲೇ ಒಂದು ಜೋಡಿ ಬ್ಯಾಗು ಶೂ ಎಲ್ಲಾ ಎತ್ಕೊಂಡು ಎದ್ದೆನೋ ಬಿದ್ದೆನೋ ಅಂತ ಓಡಿದ್ದು ನೋಡಿದ್ವಿ, ಓಡ್ತಾ ಓಡ್ತಾನೇ ಇಬ್ರೂ ನಗ್ತಿದ್ರು ಅನ್ನೋದೂ ನಿಜ.

ಇಳಿತದ ಹೊತ್ತೇ ಇಬ್ರೂ ನಡೆಯೋಕೆ ಪ್ರಶಸ್ತ. ಒಣ ಮರಳಲ್ಲಿ ಕಾಲು ಹೂತು ಹೂತು ಸುಸ್ತಾಗತ್ತೆ, ಒದ್ದೆ ಮರಳು ಕಣಗಳ ಮಧ್ಯ ನೀರು ಹಿಡ್ಕೊಂಡು ಗಟ್ಟಿಯಾಗಿರತ್ತೆ, ಎಷ್ಟು ದೂರ ಹೋದ್ವಿ ಅಂತಾನೇ ತಿಳಿಯಲ್ಲ. ಅವತ್ತು ನಮಗೆ ಸಿಕ್ಕಿದ್ದು ಏಡಿಗಳು. ಬೆರಳ ಉಗುರಿನಷ್ಟು ಸಣ್ಣವು, ಬಿಸಿ ಪ್ರದೇಶದ ಎಷ್ಟೋ ಕಡಲ ತೀರದಲ್ಲಿ ಇರ್ತವೆ, ನೀರು ಇಳಿದ ಕೂಡ್ಲೆ ಬಿಲದಿಂದ ಹೊರಗೆ ಬಂದು ಎರಡೂ ಕೈಯಲ್ಲಿ ಮರಳು ಬಾಯಿಗೆ ಹಾಕ್ಕೊಳ್ಳೋದು, ಅದ್ರಲ್ಲಿರೋ ಸೂಕ್ಷ್ಮ ಆಹಾರ ಸೋಸ್ಕೊಂಡು ಉಳಿದ ಮರಳನ್ನ ಉಂಡೆ ಕಟ್ಟಿ ಪಕ್ಕಕ್ಕೆ ಇಡೋದು, ಮತ್ತೊಂದು ಹೆಜ್ಜೆ ಮುಂದೆ. ಬಿಲ ನಡುವೆ, ಸುತ್ತ ಕಿರಣದ ಹಾಗೆ ಸಾಲು ಸಾಲು ಉಂಡೆ. ನಾವು ಹತ್ರ ಹೋದ್ರೆ ಎಲ್ಲಾ ಒಂದೇ ಸಲಕ್ಕೆ ಮಾಯ. ನಮ್ಮ ಮನೆಯವ್ರು ನೂರು ಕೆಲ್ಸದ ಮನುಷ್ಯ, ಹೋಟ್ಲಲ್ಲಿ ಬಿಲ್ ಬರೋದು ಎರಡು ನಿಮಿಷ ತಡ ಆದ್ರೆ ಕಾಲು ಕುಣಿಸ್ತಾರೆ, ಅವ್ರು ಪ್ಯಾಂಟ್ ಮಡಚ್ಕೊಂಡು ಕುಕ್ಕರಗಾಲಲ್ಲಿ ಕೂತು ಉಸಿರು ಬಿಗಿ ಹಿಡ್ದು ಏಡಿ ವಾಪಸ್ ಬರೋದನ್ನ ಕಾದಿದ್ದೇ ಕಾದಿದ್ದು. ಒಂದು ಬಂತು, ಕಣ್ಣೆರಡು ಮೇಲಕ್ಕೆತ್ತಿ ನೋಡ್ತು, ಇವ್ರು ಕದಲಲಿಲ್ಲ, ಸರಿ ಅಂತ ಕೆಲ್ಸ ಶುರು ಮಾಡ್ತು. 'ಲೇ ಬಾರೇ ಇಲ್ಲಿ, ಸದ್ದು ಮಾಡ್ಬೇಡ' ಅಂತ ಪಿಸುಗುಟ್ಟಿ ಕರೆದ್ರು ನೋಡಿ, ಮದುವೆ ಆದ ಹೊಸದ್ರಲ್ಲೂ ಅಷ್ಟು ಮೆತ್ತಗೆ ಕರೆದಿರ್ಲಿಲ್ಲ. ಅಷ್ಟು ಹೊತ್ತಿಗೆ ದೂರದಲ್ಲಿ ಮೈಕ್ ಹುಡ್ಗ ಬೆಸ್ಟ್ ಕಪಲ್ ಅಂತ ಯಾರಿಗೋ ಪ್ರೈಜ್ ಕೊಡ್ತಿದ್ದ.

ಚಿಪ್ಪು ಆರಿಸೋರಿಗೂ ಒಂದು ಮಾತು. ಖಾಲಿ ಶಂಖದ ಚಿಪ್ಪೇ ಸನ್ಯಾಸಿ ಏಡಿಗಳಿಗೆ ಮನೆ, ಬೆಳೀತಾ ಬೆಳೀತಾ ಅವಕ್ಕೆ ದೊಡ್ಡದು ಬೇಕಾಗತ್ತೆ, ಚೀಲ ತುಂಬ ಹೊತ್ಕೊಂಡು ಬಂದು ಮನೇಲಿ ಧೂಳು ಹಿಡ್ಸೋ ಬದ್ಲು ಕೈಯಲ್ಲಿ ಹಿಡ್ದು ನೋಡಿ ಅಲ್ಲೇ ಬಿಡಿ. ದಡಕ್ಕೆ ಬಿದ್ದಿರೋ ಅಂಬಲಿ ಮೀನು ಅಂದ್ರೆ ಜೆಲ್ಲಿ ಫಿಶ್ ಸತ್ತಿದ್ರೂ ಮುಟ್ಬೇಡಿ, ಸತ್ತ ಮೇಲೂ ಅದರ ಕುಟುಕು ಕಣಗಳು ಕೆಲ್ಸ ಮಾಡ್ತವೆ.

ಮಧ್ಯಾಹ್ನ ನೆರಳು ಬಿಟ್ಟು ಏಳ್ಬಾರ್ದು, ಇದು ಸೋಮಾರಿತನದ ಮಾತಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿದ್ರೆ ಅಲ್ಟ್ರಾವಯಲೆಟ್ ಜೋರಿದೆ ಅಂತ ಅರ್ಥ, ಮರಳು ಅದರಲ್ಲಿ ನೂರಕ್ಕೆ 15ರಷ್ಟನ್ನ, ಅಲೆಯ ನೊರೆ 25ರಷ್ಟನ್ನ ವಾಪಸ್ ಮುಖಕ್ಕೇ ಎಸೆಯತ್ತೆ, ಹಾಗಾಗಿ ಕೊಡೆ ಕೆಳಗೆ ಕೂತ್ರೂ ಪೂರ್ತಿ ರಕ್ಷಣೆ ಇಲ್ಲ. ಕ್ರೀಮ್ ಹಚ್ಚೋದಾದ್ರೆ 2 ಗಂಟೆಗೊಂದ್ಸಲ ಮತ್ತೆ ಹಚ್ಬೇಕು, ಬೆನ್ನಿಗೆ ಹಚ್ಚೋಕೆ ಇನ್ನೊಬ್ರು ಬೇಕೇ ಬೇಕು, ಅದಕ್ಕೇ ಇಬ್ರು ಹೋಗೋದು. ಅಷ್ಟರಲ್ಲಿ ಗಾಳಿ ಏಳತ್ತೆ. ನೆಲ ಬೇಗ ಕಾಯತ್ತೆ, ಸಮುದ್ರ ನಿಧಾನ, ನೆಲದ ಮೇಲಿನ ಬಿಸಿ ಗಾಳಿ ಮೇಲೆ ಹೋದ ಹಾಗೆ ಸಮುದ್ರದ ತಂಪು ಗಾಳಿ ಆ ಜಾಗಕ್ಕೆ ನುಗ್ಗತ್ತೆ, ಮಧ್ಯಾಹ್ನ ಕಳೀತಾ ಅದು ಜೋರು. ಊಟ ಆದ್ಮೇಲೆ ಆ ಗಾಳೀಲಿ ಬರೋ ನಿದ್ದೆ ಇದೆಯಲ್ಲ, ಅದನ್ನ ಹಾಳು ಮಾಡೋಕೆ 3 ಗಂಟೆಗೆ ಜುಂಬಾ ಇಟ್ಟಿರ್ತಾರೆ, ಪಾಪ ಯಾರ ಶಾಪಾನೋ.

ಇನ್ನು ಸಿಟ್ಟು ಬರೋ ವಿಷಯ. ಇಷ್ಟೆಲ್ಲಾ ಆಟದ ಪಟ್ಟಿ ಪ್ರಿಂಟ್ ಮಾಡಿಸೋ ಆ ರೆಸಾರ್ಟಲ್ಲಿ ಭರತ ಎಷ್ಟೊತ್ತಿಗೆ ಅಂತ ರಿಸೆಪ್ಷನ್‌ನಲ್ಲಿ ಕೇಳಿದ್ರೆ ಒಬ್ರಿಗೂ ಗೊತ್ತಿಲ್ಲ, ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಎಲ್ಲಿ ಈಜ್ಬೋದು ಎಲ್ಲಿ ಈಜ್ಬಾರ್ದು ಅಂತ ಒಂದು ಬೋರ್ಡೂ ಇಲ್ಲ, ಬಾವುಟಾನೂ ಇಲ್ಲ. ಮೇಲರ್ಧ ಕೆಂಪು ಕೆಳಗರ್ಧ ಹಳದಿ ಬಾವುಟ ಎರಡು ನೆಟ್ಟಿದ್ರೆ ಅದರ ಮಧ್ಯ ಲೈಫ್‌ಗಾರ್ಡ್ ಕಣ್ಣಿರತ್ತೆ ಅಂತ ಅರ್ಥ, ಬರೀ ಕೆಂಪು ಇದ್ರೆ ಅಪಾಯ, ನೇರಳೆ ಬಣ್ಣದ್ದು ಇದ್ರೆ ಜೆಲ್ಲಿ ಫಿಶ್ ಥರದ ಜೀವಿಗಳಿವೆ ಅಂತ, ಇವೆಲ್ಲಾ ಬಹಳ ದೇಶಗಳಲ್ಲಿ ಒಂದೇ. ಜನ ಅಲೆ ಜೋರಾಗಿ ಒಡೆಯೋ ಕಡೆ ಹೆದ್ರಿ, ಪಕ್ಕದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ ಸ್ವಲ್ಪ ಕಪ್ಪಗೆ ಕಾಣೋ ಜಾಗಕ್ಕೆ ಇಳೀತಾರೆ, ಬಹಳ ಸಲ ರಿಪ್ ಕರೆಂಟ್ ಇರೋದೇ ಅಲ್ಲಿ. ದಡಕ್ಕೆ ಬಂದ ನೀರೆಲ್ಲಾ ಒಂದು ಕಿರಿದಾದ ಓಣಿ ಹಿಡ್ದು ವಾಪಸ್ ಸಮುದ್ರಕ್ಕೆ ಓಡೋ ಹರಿವು ಅದು, ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ದಾಟತ್ತೆ, ಒಲಿಂಪಿಕ್ಸ್ ಈಜುಗಾರನೂ ಎದುರು ಈಜಿ ಗೆಲ್ಲೋಕಾಗಲ್ಲ. ಅದು ಕೆಳಕ್ಕೆ ಎಳೆಯಲ್ಲ, ಆಚೆಗೆ ಎಳೆಯತ್ತೆ. ಗಾಬರಿ ಬಿದ್ದು ದಡದ ಕಡೆಗೇ ಕೈ ಬಡಿದ್ರೆ ಶಕ್ತಿ ಮುಗಿದು ಹೋಗತ್ತೆ, ತೇಲ್ತಾ ಇರ್ಬೇಕು, ಇಲ್ಲಾ ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಹರಿವಿನಿಂದ ಹೊರಗೆ ಬಂದು ಆಮೇಲೆ ತಿರುಗ್ಬೇಕು. ಜೊತೆಗಿರೋರು ಹಿಂದೆ ಹಾರೋದಲ್ಲ, ತೇಲೋದು ಏನಾದ್ರೂ ಎಸೆದು ಲೈಫ್‌ಗಾರ್ಡ್‌ನ ಕೂಗ್ಬೇಕು, ಇದು ಹೇಳೋಕೆ ಸುಲಭ, ಹೆಂಡ್ತೀನೋ ಗಂಡನೋ ಕೈ ಎತ್ತಿ ಕೂಗ್ತಿರೋವಾಗ ದಡದಲ್ಲಿ ನಿಲ್ಲೋಕೆ ಯಾರ ಕೈಲಾಗತ್ತೆ, ಆದ್ರೆ ಕಾಪಾಡೋಕೆ ಹೋದೋರೇ ಮುಳುಗಿದ ಸುದ್ದಿ ನಿಮ್ಮ ಪತ್ರಿಕೇಲೇ ಎಷ್ಟು ಸಲ ಓದಿಲ್ಲ. ಒಂದು ಬೋರ್ಡಿಗೆ ಎಷ್ಟು ಖರ್ಚಾಗತ್ತೆ? ಆ ಬಲೂನ್ ದುಡ್ಡಲ್ಲೇ ಆಗತ್ತೆ.

ಸಂಜೆ ಸೂರ್ಯಾಸ್ತಕ್ಕೆ ಎಲ್ರೂ ಫೋನ್ ಎತ್ತಿ ನಿಂತಿದ್ರು. ನಿಂತಿರೋ ಮನುಷ್ಯನಿಗೆ ದಿಗಂತ ಬರೀ ನಾಲ್ಕೂವರೆ ಕಿಲೋಮೀಟರ್ ದೂರ ಗೊತ್ತಾ, ಅದೇ 30 ಮೀಟರ್ ಎತ್ತರದ ಬಾಲ್ಕನಿಗೆ ಹೋದ್ರೆ ಸುಮಾರು 20 ಕಿಲೋಮೀಟರ್. ಇದರಲ್ಲೇ ಇಬ್ರೂ ಆಡ್ಬೋದಾದ ಒಂದು ಆಟ ಇದೆ, ಮೈಕ್ ಬೇಡ. ಮರಳ ಮೇಲೆ ಮಲ್ಕೊಂಡು ಸೂರ್ಯ ಮುಳುಗೋದನ್ನ ನೋಡಿ, ಮೇಲಂಚು ಮಾಯ ಆದ ಕ್ಷಣಾನೇ ಚಕ್ ಅಂತ ಎದ್ದು ನಿಲ್ಲಿ, ಕಣ್ಣು ಮೇಲೆ ಹೋದ ಹಾಗೆ ದಿಗಂತ ದೂರ ಸರಿದು ಆ ಅಂಚು ಮತ್ತೆ ಕಾಣತ್ತೆ, ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಎರಡನೇ ಸಲ ಮುಳುಗತ್ತೆ. ಮೋಡ ಇರ್ಬಾರ್ದು, ಮಂಡಿ ನೋವೂ ಇರ್ಬಾರ್ದು. ನಮ್ಮಿಬ್ಬರಲ್ಲಿ ಎರಡು ಸೂರ್ಯಾಸ್ತ ನೋಡಿದ್ದು ನಾನೊಬ್ಳೇ, ಅವ್ರು ಏಳೋಷ್ಟರಲ್ಲಿ ಎಲ್ಲಾ ಮುಗ್ದಿತ್ತು. ಅಂದಹಾಗೆ ಸೂರ್ಯನ ಕೆಳಂಚು ನೀರಿಗೆ ತಾಗಿದ ಹಾಗೆ ಕಾಣೋವಾಗ್ಲೇ ನಿಜವಾದ ಸೂರ್ಯ ದಿಗಂತದ ಕೆಳಗೆ ಹೋಗಿ ಆಗಿರತ್ತೆ, ಗಾಳಿ ಬೆಳಕನ್ನ ಬಾಗಿಸಿ ತೋರಿಸ್ತಿರತ್ತೆ ಅಷ್ಟೆ. ಇದನ್ನ ಹೇಳಿದ್ರೆ 'ನೋಡೋಕೆ ಬಿಡೇ ಸುಮ್ನೆ' ಅಂದ್ರು.

ಈಗ ಬೇಡಿಕೆ. ರೆಸಾರ್ಟ್‌ನವ್ರಿಗೆ ಹೇಳೋದು ಇಷ್ಟೇ, ಸ್ಪೀಕರ್ ಮುಖ ಸಮುದ್ರದಿಂದ ಆಚೆ ತಿರುಗ್ಸಿ, ತೀರದಲ್ಲಿ ಒಂದು ಭಾಗಾನಾದ್ರೂ ಯಾರೂ ಕರೆಯದೆ ಇರೋ ಜಾಗ ಅಂತ ಬಿಟ್ಬಿಡಿ, ಆಟ ಬೇಕಾದೋರು ಅವರೇ ಎದ್ದು ಬರ್ತಾರೆ. ರಿಸೆಪ್ಷನ್‌ನಲ್ಲಿ ಅವತ್ತಿನ ಭರತ ಇಳಿತದ ಹೊತ್ತನ್ನ ಬರೆದಿಡಿ, ಸೀಮೆಸುಣ್ಣ ಕಪ್ಪು ಹಲಗೆ ಸಾಕು. ನಿಮ್ಮ ಪತ್ರಿಕೆಗೆ ಹೇಳೋದು, ದಿನಾ ಸೂರ್ಯೋದಯ ಸೂರ್ಯಾಸ್ತ ಹಾಕ್ತೀರಿ, ತಿಥಿ ಹಾಕ್ತೀರಿ, ಅದರ ಕೆಳಗೇ ಭರತ ಇಳಿತದ ಹೊತ್ತನ್ನೂ ಹಾಕಿ, ದಿನಾ ಆಗ್ದಿದ್ರೆ ಶನಿವಾರ ಭಾನುವಾರ ಆದ್ರೂ. ಇದೇನು ಕಷ್ಟದ ಲೆಕ್ಕ ಅಲ್ಲ, 1870ರ ದಶಕದಲ್ಲೇ ಲಾರ್ಡ್ ಕೆಲ್ವಿನ್ ಅನ್ನೋ ವಿಜ್ಞಾನಿ ರಾಟೆ ಹಗ್ಗ ಜೋಡಿಸಿ ಭರತ ಲೆಕ್ಕ ಹಾಕೋ ಯಂತ್ರ ಮಾಡಿಟ್ಟಿದ್ದಾರೆ, ಈಗಂತೂ ಬಂದರುಗಳಿಗೆ ಇಡೀ ವರ್ಷದ ಪಟ್ಟಿ ಮುಂಚೇನೇ ಸಿಗತ್ತೆ. ನಾಲ್ಕೇ ನಾಲ್ಕು ಅಂಕಿ. ಜಾಗ ಇಲ್ಲ ಅಂತ ಹೇಳ್ಬೇಡಿ, ರಾಶಿ ಭವಿಷ್ಯದಲ್ಲಿ ನಮ್ಮ ಮನೆಯವ್ರ ರಾಶಿದು ತೆಗೆದು ಆ ಜಾಗಕ್ಕೆ ಹಾಕಿ, ಅವ್ರು ಹೇಗೂ ಅದನ್ನ ಓದಲ್ಲ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು